ರಾಯರ ಮನೆಯ ವೈಫೈ ಮತ್ತು ಎಂಟು ಗಂಟೆಯ ಸಾರು

ಇಂಟರ್ನೆಟ್ ಏಕೆ ನಿಂತಿತು ಎಂದು ಹೇಳುವುದಕ್ಕೆ ಇಂಟರ್ನೆಟ್ಟಿನ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೆ ಅನುಮಾನ ಬರುತ್ತದೆ. ಅನುಮಾನ ಬಂದವನ ದನಿ ಸಣ್ಣದಾಗುತ್ತದೆ. ಹರಟೆಯಲ್ಲಿ ಸಣ್ಣ ದನಿಗೆ ಬೆಲೆಯಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ರಾಯರ ಮನೆಯ ಜಗಲಿಯ ಮೇಲೆ ಭಾನುವಾರ ಸಂಜೆ ಸೇರುವ ನಮ್ಮಲ್ಲಿ ಯಾರಿಗೂ ಆ ತೊಂದರೆ ಇಲ್ಲ.

ರಾಯರ ದೂರು ಇಷ್ಟು. ರಾತ್ರಿ ಎಂಟಕ್ಕೆ ಕ್ಯಾಲಿಫೋರ್ನಿಯಾದಿಂದ ಮೊಮ್ಮಗಳು ವಿಡಿಯೊ ಕರೆ ಮಾಡುತ್ತಾಳೆ. ಅಲ್ಲಿ ಆಗ ಬೆಳಿಗ್ಗೆ ಏಳೂವರೆ. "ತಾತಾ" ಎಂದು ಬಾಯಿ ತೆರೆದವಳು ತೆರೆದ ಬಾಯಲ್ಲೇ ಲ್ಯಾಪ್‌ಟಾಪಿನ ಪರದೆಯ ಮೇಲೆ ನಿಂತುಬಿಡುತ್ತಾಳೆ. ಮತ್ತೆ ಅಲುಗುವ ಹೊತ್ತಿಗೆ ಹೇಳಬೇಕಾದದ್ದೆಲ್ಲ ಹೇಳಿ ಮುಗಿಸಿರುತ್ತಾಳೆ.

"ಹೊಸ ರೂಟರ್ ತೆಗೆದುಕೊಳ್ಳಿ" ಎಂದರು ಶೆಟ್ಟರು. ಅವರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಲೋಕದ ಯಾವ ಕಷ್ಟಕ್ಕೂ ಅವರ ಪರಿಹಾರ ಡಬ್ಬಿಯಲ್ಲಿ ಬರುತ್ತದೆ, ಬಿಲ್ ಸಮೇತ.

"ಕಂಪನಿಯವರದೇ ಮೋಸ" ಎಂದರು ರಾಯರು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿದ್ದವರು, ಲೆಕ್ಕ ತೆಗೆದೇ ಮಾತಾಡುವವರು. "ಪ್ಲಾನಿನಲ್ಲಿ 300 ಎಂದು ಬರೆದಿದೆ. ಡೌನ್‌ಲೋಡ್ ಮಾಡಿದರೆ 37 ತೋರಿಸುತ್ತದೆ."

"ಅದು ಮೋಸವಲ್ಲ, ಭಾಗಾಕಾರ" ಎಂದರು ಭೌತಶಾಸ್ತ್ರದ ನಿವೃತ್ತ ಮೇಷ್ಟರು. "ಅವರು ಹೇಳುವುದು ಮೆಗಾಬಿಟ್, ನಿಮಗೆ ಕಾಣುವುದು ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್. 300ನ್ನು ಎಂಟರಿಂದ ಭಾಗಿಸಿ."

"ಮುನ್ನೂರು ಎಂದು ಬರೆದು ಮೂವತ್ತೇಳೂವರೆ ಕೊಡುವುದನ್ನು ನಮ್ಮ ಬ್ಯಾಂಕಿನಲ್ಲಿ ಮಾಡಿದ್ದರೆ ಅಮಾನತು ಮಾಡುತ್ತಿದ್ದರು."

ಭಟ್ಟರು ಅದುವರೆಗೆ ಕಾಫಿ ಲೋಟದೊಳಗೆ ನೋಡುತ್ತಿದ್ದರು. ಈಗ ತಲೆ ಎತ್ತಿ ಕೇಳಿದರು: "ರೂಟರ್ ಯಾವ ದಿಕ್ಕಿನಲ್ಲಿದೆ?"

ಎಲ್ಲರೂ ಎದ್ದು ಒಳಗೆ ಹೋದೆವು. ರೂಟರ್ ಇದ್ದದ್ದು ನಡುಮನೆಯ ಶೋಕೇಸಿನ ಕೆಳಗಿನ ಅಂತಸ್ತಿನಲ್ಲಿ, ಟಿವಿಯ ಬೆನ್ನಿಗೆ, ಒಂದು ಕಡೆ ಹಿತ್ತಾಳೆಯ ನಂದಾದೀಪ, ಇನ್ನೊಂದು ಕಡೆ ಗೊಂಬೆ ಹಬ್ಬದ ಸ್ಟೀಲ್ ಡಬ್ಬ. ಮೇಲೆ ಬಿಳಿ ಕ್ರೋಷಾ ಹೊದಿಕೆ, ಅಂಚಿಗೆ ಗುಲಾಬಿ ಬಣ್ಣದ ಕುಚ್ಚು. ರೂಟರಿನ ಎರಡು ಕೊಂಬುಗಳಿಗೆ ಹೊಂದುವ ಹಾಗೆ ಅಳತೆ ಹಿಡಿದು ಎರಡು ತೂತು ಬಿಟ್ಟು ಹೆಣೆದದ್ದು. ರೇಡಿಯೋಗೆ, ಆಮೇಲೆ ಟಿವಿಗೆ, ಮಿಕ್ಸಿಗೆ ಹೊದಿಕೆ ಹಾಕಿದ ಮನೆ. ಇದಕ್ಕೊಂದಕ್ಕೆ ಇಲ್ಲದಿದ್ದರೆ ಪಂಕ್ತಿಭೇದವಾಗುತ್ತಿತ್ತು. ಮೇಷ್ಟರು ಹೊದಿಕೆ ಎತ್ತಿ ರೂಟರ್ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದರ ಮೇಲೆ ಹಪ್ಪಳ ಸುಡಬಹುದು. ಗಾಳಿಯಾಡಬೇಕಾದ ತೂತುಗಳನ್ನೆಲ್ಲ ಮುಚ್ಚಿದ್ದೀರಿ. ಸುತ್ತ ಲೋಹ ಬೇರೆ. ರೂಟರ್ ಮನೆಯ ನಡುಮಧ್ಯದಲ್ಲಿ, ಎತ್ತರದಲ್ಲಿ, ಬಯಲಾಗಿ ಇರಬೇಕು."

"ನಡುಮಧ್ಯವೆಂದರೆ ಬ್ರಹ್ಮಸ್ಥಾನ" ಎಂದರು ಭಟ್ಟರು. "ವಾಸ್ತುವಿನ ಪ್ರಕಾರ ಅಲ್ಲಿ ಭಾರ ಇಡಬಾರದು."

"ಇದು ಕಾಲು ಕಿಲೋ ಇದ್ದರೆ ಹೆಚ್ಚು."

"ಹಾಗಿದ್ದರೆ ದೋಷವಿಲ್ಲ." ವಿಜ್ಞಾನ ಮತ್ತು ವಾಸ್ತು ಒಂದೇ ಮೊಳೆಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊಳೆ ಹೊಡೆಯುವ ಮೊದಲು ಕಾಯಿಲೆ ಎಲ್ಲಿದೆ ಎಂದಾದರೂ ಗೊತ್ತಾಗಬೇಡವೇ? ನನ್ನ ವಾದ ಅಷ್ಟೇ. ಲ್ಯಾಪ್‌ಟಾಪಿನಿಂದ ರೂಟರಿಗೆ ಒಂದು ದಾರಿ, ರೂಟರಿನಿಂದ ಹೊರಜಗತ್ತಿಗೆ ಇನ್ನೊಂದು. ಕೆಟ್ಟಿರುವುದು ಯಾವುದೆಂದು ತಿಳಿಯದೆ ಕಂಪನಿಗೆ ಬೈದರೆ ಬೈಗುಳ ದಂಡ. ರೂಟರಿನ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಉರಿದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆಗ ಬೈಯಬಹುದು, ಧಾರಾಳವಾಗಿ. ಇಲ್ಲಿ ಅದು ಆರಿತ್ತು.

ಲ್ಯಾಪ್‌ಟಾಪ್ ಇರುವ ಒಳಕೋಣೆಗೆ ಹೋಗಿ ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದೆ. ರಾಯರು ಪಾಸ್‌ಬುಕ್ ಭದ್ರವಾಗಿದೆಯೇ ಎಂಬಂತೆ ಒಮ್ಮೆ ಬೀರುವಿನ ಕಡೆ ನೋಡಿದರು. ಒಂದು ಕಡೆ ರೂಟರಿನ ವಿಳಾಸ 192.168.1.1ಕ್ಕೆ, ಇನ್ನೊಂದು ಕಡೆ ಗೂಗಲ್ಲಿನ 8.8.8.8ಕ್ಕೆ ಪಿಂಗ್ ಹಚ್ಚಿದೆ. "ಇದ್ದೀಯಾ?" ಎಂದು ಸೆಕೆಂಡಿಗೊಮ್ಮೆ ಕೇಳುವುದು, "ಇದ್ದೇನೆ" ಎಂಬ ಉತ್ತರಕ್ಕೆ ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುವುದು, ಪಿಂಗ್ ಮಾಡುವುದು ಇಷ್ಟೇ. ರೂಟರಿನಿಂದ 2 ಮಿಲಿಸೆಕೆಂಡು, 1, 2, 3, 2. ಎಲ್ಲ ಚೆನ್ನಾಗಿತ್ತು. ಡಾಕ್ಟರರ ಎದುರು ಕೂತೊಡನೆ ಇಳಿದುಹೋಗುವ ಜ್ವರದ ಹಾಗೆ ರಾಯರ ಇಂಟರ್ನೆಟ್ ನಮ್ಮೆದುರು ಸಾಧುವಾಗಿತ್ತು.

ಕಾಯುವ ಹೊತ್ತಿನಲ್ಲಿ ಬೇರೆ ಬೇರೆ ತಪಾಸಣೆಗಳಾದವು. ವಿಂಡೋಸ್ ವಿದ್ಯುತ್ ಉಳಿಸಲೆಂದು ವೈಫೈ ಅಡಾಪ್ಟರನ್ನು ಮಲಗಿಸುವ ಒಂದು ಗುರುತು ಡಿವೈಸ್ ಮ್ಯಾನೇಜರಿನಲ್ಲಿ ಇರುತ್ತದೆ, ಅದನ್ನು ತೆಗೆದೆ. ಉಳಿತಾಯದ ಯಾವುದನ್ನೇ ತೆಗೆದರೂ ರಾಯರಿಗೆ ಸಂಕಟ. ಪಕ್ಕಕ್ಕೆ ಚುಚ್ಚಿದ್ದ ಹಾರ್ಡ್ ಡಿಸ್ಕನ್ನು ಮೇಷ್ಟರು ಕಿತ್ತರು: ಯುಎಸ್‌ಬಿ 3ರ ಸಾಧನಗಳು 2.4 ಗಿಗಾಹರ್ಟ್ಸ್ ವೈಫೈಗೆ ಗದ್ದಲ ಮಾಡುತ್ತವೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದಿದೆಯಂತೆ. ಶೆಟ್ಟರು, "ಹಾಗಾದರೆ ಹೊಸ ಡಿಸ್ಕ್..." ಎಂದು ಶುರುಮಾಡಿ, ಯಾರೂ ಕೇಳದ್ದರಿಂದ ನಿಲ್ಲಿಸಿದರು.

ಎಂಟು ಹೊಡೆಯಿತು. ಪರದೆಯ ಮೇಲೆ 2, 3, ಆಮೇಲೆ 410, ಆಮೇಲೆ 840, ಆಮೇಲೆ "ರಿಕ್ವೆಸ್ಟ್ ಟೈಮ್ಡ್ ಔಟ್". ಗೂಗಲ್ ಹಾಗಿರಲಿ, ಮನೆಯೊಳಗಿನ ರೂಟರೇ ಉತ್ತರ ಕೊಡುತ್ತಿರಲಿಲ್ಲ. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಅಡುಗೆಮನೆಯಿಂದ "ಟಣ್" ಎಂಬ ಸದ್ದು ಬಂತು. ಅಂಕಿ ಮತ್ತೆ 2ಕ್ಕೆ ಇಳಿಯಿತು.

"ಅತ್ತಿಗೆ, ಈಗ ಏನು ಮಾಡಿದಿರಿ?" ಎಂದು ಕೂಗಿದೆ.

"ಏನು ಮಾಡುವುದು? ಬೆಳಗಿನ ಸಾರು ಬಿಸಿ ಮಾಡಿದೆ. ಇವರಿಗೆ ಎಂಟಕ್ಕೆ ಸರಿಯಾಗಿ ಊಟವಾಗಬೇಕು."

ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ, ರಾಯರ ವೈಫೈ ಇದ್ದದ್ದೂ ರೇಡಿಯೊ ಅಲೆಗಳ ಅದೇ ಪಟ್ಟಿಯಲ್ಲಿ. ಅಡುಗೆಮನೆ ಇದ್ದದ್ದು ಒಳಕೋಣೆಗೂ ನಡುಮನೆಗೂ ಸರಿಯಾಗಿ ಮಧ್ಯೆ. ಖಚಿತವಾಗಲೆಂದು ಅತ್ತಿಗೆ ಪಲ್ಯ ಬಿಸಿಮಾಡಿದರು, 600 ದಾಟಿತು. ಅನ್ನ ಬಿಸಿಮಾಡಿದರು, ಉತ್ತರವೇ ಇಲ್ಲ. ಶಾಸ್ತ್ರೀಯ ಪ್ರಯೋಗ ಮುಗಿಯುವ ಹೊತ್ತಿಗೆ ಊಟವೂ ಸಿದ್ಧವಾಗಿದ್ದರಿಂದ ನಾವೂ ಕೂತೆವು.

5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿದೆವು. ಆ ಪಟ್ಟಿಗೆ ಸಾರಿನ ಕಾಟವಿಲ್ಲ, ಗೋಡೆಯ ಕಾಟವಿದೆ. ಹಳೇ ಮನೆಯ ದಪ್ಪ ಗೋಡೆಗಳನ್ನು ದಾಟಿ ಒಳಕೋಣೆಗೆ ಬರುವಷ್ಟರಲ್ಲಿ ಸಂಕೇತದ ಗೆರೆ ಒಂದಕ್ಕೆ ಇಳಿಯಿತು. ರೂಟರಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಎಳೆಯುವುದೆಂದು ತೀರ್ಮಾನವಾಯಿತು. ಶೆಟ್ಟರ ಮುಖ ಅರಳಿತು. ಮರುವಾರ ತಾವೇ ಲ್ಯಾನ್ ಕೇಬಲ್ ತಂದರು, ತಾವೇ ಗೋಡೆಯಂಚಿಗೆ ಕ್ಲಿಪ್ ಹೊಡೆದರು. ಪರೀಕ್ಷಿಸಿದರೆ ವೇಗ 94. ಎಷ್ಟು ಸಲ ನೋಡಿದರೂ 94.

"ಮುನ್ನೂರಕ್ಕೆ ತೊಂಬತ್ತನಾಲ್ಕು" ಎಂದು ರಾಯರು ಮತ್ತೆ ಲೆಕ್ಕ ಹಿಡಿದರು. "ಈ ಸಲ ಯಾವುದರಿಂದ ಭಾಗಿಸಬೇಕು ಮೇಷ್ಟರೇ?"

ಕೇಬಲ್ಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್, ಅಂದರೆ ಸಾವಿರ ಮೆಗಾಬಿಟ್ಟಿನ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಒಂದು ಕೆಟ್ಟರೆ ಎರಡೇ ಜೋಡಿಯ ನೂರರ ವೇಗಕ್ಕೆ ಇಳಿದು ಸುಮ್ಮನಾಗುತ್ತದೆ, ಕೆಟ್ಟಿದ್ದೇನೆಂದು ಹೇಳುವುದೂ ಇಲ್ಲ. ಮೇಷ್ಟರು ಕೇಬಲ್ ಹಿಡಿದುಕೊಂಡು ಬಗ್ಗಿ ನಡೆದು ಒಳಕೋಣೆಯ ಬಾಗಿಲಿನ ಬಳಿ ನಿಂತರು. ಬಾಗಿಲ ಕೀಲಿನ ಸಂದಿಯಲ್ಲಿ ಸಿಕ್ಕಿ ಅದು ಚಪ್ಪಟೆಯಾಗಿತ್ತು. ಇನ್ನೊಂದು ಕೇಬಲ್ ಬಂತು, ಈ ಸಲ ಬಾಗಿಲ ಚೌಕಟ್ಟಿಗೆ ತೂತು ಕೊರೆದು. ಮೊದಲನೆಯದಕ್ಕೆ ಶೆಟ್ಟರು ದುಡ್ಡು ತೆಗೆದುಕೊಂಡರೋ ಇಲ್ಲವೋ ಎಂಬುದು ಆ ಇಬ್ಬರ ನಡುವಿನ ವಿಷಯ. ರಾಯರು ಒಂದು ತಿಂಗಳು ಅವರ ಅಂಗಡಿಯ ಕಡೆ ಹೋಗಲಿಲ್ಲ.

ಈಗ ಮೊಮ್ಮಗಳ ಚಿತ್ರ ಎಷ್ಟು ಸ್ವಚ್ಛವೆಂದರೆ ಅವಳ ಹಲ್ಲಿಗೆ ಹಾಕಿದ ತಂತಿಯನ್ನೂ ಎಣಿಸಬಹುದು. ಮೊನ್ನೆ ನಾವೆಲ್ಲ ಕೂತಿದ್ದಾಗ ಅದೇ ಲ್ಯಾಪ್‌ಟಾಪಿಗೆ ಬೇರೊಂದು ಕರೆ ಬಂತು. ರಾಯರ ಷಡ್ಡಕರದು, ಮಾವನ ಮನೆಯ ಸೈಟು ಪಾಲಿನ ವಿಚಾರ, ಹಿಡಿದರೆ ಒಂದು ಗಂಟೆಗೆ ಕಡಿಮೆಯಿಲ್ಲ. ಇಷ್ಟು ದಿನ "ನೆಟ್ ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ" ಎಂದು ನುಣುಚಿಕೊಂಡಿದ್ದವರು ಪರದೆ ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಅಡುಗೆಮನೆಯ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು: "ಇವಳೇ, ಸ್ವಲ್ಪ ಸಾರು ಬಿಸಿ ಮಾಡು."

"ಪ್ರಯೋಜನವಿಲ್ಲ ರಾಯರೇ" ಎಂದರು ಮೇಷ್ಟರು. "ನೀವೀಗ ಕೇಬಲ್ಲಿನಲ್ಲಿದ್ದೀರಿ."