ಉರಾಲಿಕ್ ಭಾಷೆಗಳ ಎಣಿಕೆಯ ಪದಗಳು ಎಲ್ಲಿಂದ ಬಂದವು?

ಪ್ರಶ್ನೆ:
ಫಿನ್ನಿಶ್ ಮತ್ತು ಹಂಗೇರಿಯನ್ ಭಾಷೆಗಳು ಒಂದೇ ಉರಾಲಿಕ್ ಕುಟುಂಬಕ್ಕೆ ಸೇರಿದವು ಎಂದು ಓದಿ, ಅವುಗಳ ಎಣಿಕೆಯ ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಮೂರಕ್ಕೆ ಫಿನ್ನಿಶ್‌ನಲ್ಲಿ ‘ಕೊಲ್ಮೆ’, ಹಂಗೇರಿಯನ್‌ನಲ್ಲಿ ‘ಹಾರೊಮ್’. ಆರಕ್ಕೆ ‘ಕೂಸಿ’ ಮತ್ತು ‘ಹತ್’. ಇವು ಒಂದೇ ಮೂಲದವು ಎಂದು ಹೇಗೆ ಹೇಳುತ್ತಾರೆ? ಫಿನ್ನಿಶ್‌ನಲ್ಲಿ ನೂರಕ್ಕೆ ‘ಸತ’ ಎನ್ನುವುದಂತೂ ಸಂಸ್ಕೃತದ ‘ಶತ’ದಂತೆಯೇ ಕೇಳಿಸುತ್ತದೆ. ಇದು ಕಾಕತಾಳೀಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದದ್ದನ್ನು ನೆನಪಿಸಿಕೊಂಡರೆ ತಮ್ಮ ಮೊದಲ ಸಂದೇಹ ಪರಿಹಾರವಾಗುತ್ತದೆ. ಹಂಗೇರಿಯನ್‌ನಲ್ಲಿ ಪದದ ಮೊದಲಿನ ಕಕಾರವು ‘ಅ’, ‘ಒ’, ‘ಉ’ಗಳಂತಹ ಸ್ವರಗಳ ಮುಂದೆ ಹಕಾರವಾಯಿತು, ಮೀನಿಗೆ ಫಿನ್ನಿಶ್‌ನಲ್ಲಿ ‘ಕಲ’, ಹಂಗೇರಿಯನ್‌ನಲ್ಲಿ ‘ಹಲ್’ ಎನ್ನುವುದೂ ಇದೇ ನಿಯಮದಿಂದ. ಎರಡನ್ನು ಸೂಚಿಸುವ ಹಂಗೇರಿಯನ್‌ನ ‘ಕೆತ್ತೋ’ ಪದದಲ್ಲಿ ಸ್ವರವು ‘ಎ’ ಆದ್ದರಿಂದ ಕಕಾರ ಹಾಗೆಯೇ ಉಳಿಯಿತು. ಬರಿಯ ಹೋಲಿಕೆಗಿಂತ ಇಂತಹ ಕ್ರಮಬದ್ಧ ವ್ಯತ್ಯಾಸವೇ ನಂಟಿಗೆ ಗಟ್ಟಿಯಾದ ಸಾಕ್ಷ್ಯ.

ಉತ್ತರ 2:
‘ಸತ’ ಕಾಕತಾಳೀಯವಲ್ಲ, ಎರವಲು. ಸಂಸ್ಕೃತ, ಲಿಥುವೇನಿಯನ್ ಮೊದಲಾದವು ಸೇರಿರುವ ಇಂಡೋ-ಯುರೋಪಿಯನ್ ಕುಟುಂಬದಲ್ಲಿ ನೂರನ್ನು ಸೂಚಿಸುವ ಮೂಲ ಪದದಲ್ಲಿ ಅನುನಾಸಿಕವೊಂದಿತ್ತು. ಲಿಥುವೇನಿಯನ್‌ನ ‘ಶಿಮ್ತಸ್’ನಲ್ಲಿ ಅದು ಇಂದಿಗೂ ಇದೆ, ಸಂಸ್ಕೃತವೂ ಸೇರಿರುವ ಇಂಡೋ-ಇರಾನಿಯನ್ ಶಾಖೆಯಲ್ಲಿ ಅಳಿದು ‘ಅ’ಕಾರವಾಯಿತು. ಫಿನ್ನಿಶ್ ಪದದಲ್ಲಿಯೂ ಅನುನಾಸಿಕವಿಲ್ಲದಿರುವುದರಿಂದ, ಲಿಥುವೇನಿಯನ್‌ನಂತಹ ನೆರೆಯ ಬಾಲ್ಟಿಕ್ ಭಾಷೆಗಳಿಂದಲ್ಲ, ಇಂಡೋ-ಇರಾನಿಯನ್ ಮಾತಾಡುತ್ತಿದ್ದವರಿಂದಲೇ ಅದು ಬಂತೆಂದು ತಿಳಿಯುತ್ತದೆ. ಹಂಗೇರಿಯನ್‌ನ ಸಾವಿರ, ‘ಎಜ಼ೆರ್’, ಇರಾನಿಯನ್ ‘ಹಜ಼ಾರ್’ ಮೂಲದ್ದು. ಅದು ಸಂಸ್ಕೃತದ ‘ಸಹಸ್ರ’ಕ್ಕೆ ದಾಯಾದಿ, ನಮ್ಮ ‘ಸಾವಿರ’ವೂ ‘ಸಹಸ್ರ’ದಿಂದಲೇ ಬಂದದ್ದು. ಎಷ್ಟು ದೂರದ ಎರಡು ಭಾಷೆಗಳು ಒಂದೇ ಬುಟ್ಟಿಗೆ ಕೈಹಾಕಿವೆ ನೋಡಿ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಫಿನ್ನಿಶ್‌ನ ಎಂಟು, ಒಂಬತ್ತುಗಳು ಅಷ್ಟು ಉದ್ದವಾಗಿರುವುದೇಕೆ?

ಉತ್ತರ 1:
ಅವು ಕಟ್ಟಿದ ಪದಗಳು. ಫಿನ್ನಿಶ್‌ನಲ್ಲಿ ‘ಒಂದರ’ ಎನ್ನಲು ‘ಯುಹ್ದೆನ್’, ‘ಎರಡರ’ ಎನ್ನಲು ‘ಕಹ್ದೆನ್’. ಒಂಬತ್ತು ‘ಯುಹ್ದೆಕ್ಸನ್’, ಎಂಟು ‘ಕಹ್ದೆಕ್ಸನ್’. ಹತ್ತಕ್ಕೆ ಒಂದು ಕಡಿಮೆ, ಎರಡು ಕಡಿಮೆ ಎಂಬ ಲೆಕ್ಕ ಇಲ್ಲಿದೆ; ನಮ್ಮ ‘ಒಂಬತ್ತು’ ಕೂಡ ‘ಒಂದು’ ಮತ್ತು ‘ಪತ್ತು’ ಸೇರಿ ಆದದ್ದೇ. ಬಾಲದ ಭಾಗವನ್ನು ಹಿಂದೆ ಇಂಡೋ-ಯುರೋಪಿಯನ್ನಿನ ಹತ್ತು ಎಂದು ಬಗೆದಿದ್ದರು; ‘ಇಲ್ಲ’ ಎಂಬರ್ಥದ ಉರಾಲಿಕ್ ಕ್ರಿಯಾಪದವೇ ಅಲ್ಲಿದೆ ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಆಗ ಇಡೀ ಪದ ಉರಾಲಿಕ್‌ನೊಳಗೇ ಅರ್ಥವಾಗುತ್ತದೆ.

ಉರಾಲಿಕ್ ಕುಟುಂಬದ್ದೇ ಆದ ಸೈಬೀರಿಯಾದ ಸಮೊಯೆಡ್ ಶಾಖೆಯನ್ನೂ ಗಮನಿಸಬೇಕು. ಫಿನ್ನಿಶ್‌ನಲ್ಲಿ ಐದನ್ನು ಸೂಚಿಸುವ ‘ವೀಸಿ’ಯ ಮೂಲರೂಪದಿಂದಲೇ ಬಂದ ಪದ ಅಲ್ಲಿನ ನೆನೆತ್ಸ್ ಭಾಷೆಯಲ್ಲಿ ‘ಹತ್ತು’ ಎಂಬರ್ಥ ಪಡೆದಿದೆ. ಮೂರು, ನಾಲ್ಕು, ಆರಕ್ಕೆ ಅಲ್ಲಿ ಬೇರೆಯೇ ಪದಗಳಿವೆ. ಆದ್ದರಿಂದ ಕುಟುಂಬದ ಎಲ್ಲ ಶಾಖೆಗಳಲ್ಲಿಯೂ ಅರ್ಥ ಬದಲಾಗದೆ ಉಳಿದದ್ದು ‘ಎರಡು’ ಒಂದೇ.