ಪೊಟ್ಯಾಸಿಯಂ 3.0 ಬಂದಿದೆ, ಬಾಳೆಹಣ್ಣು ಎಳನೀರು ಕೊಟ್ಟರೆ ಸಾಕಾ?

ಪ್ರಶ್ನೆ (ಅರಸೀಕೆರೆ ಕಡೆಯಿಂದ):
ನಮಸ್ಕಾರ ಮೇಡಂ. ನಮ್ಮ ಅಮ್ಮನಿಗೆ 58 ವರ್ಷ, ಬಿಪಿ ಇದೆ. ಈಚೆಗೆ ತುಂಬಾ ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದಾಗ ಪೊಟ್ಯಾಸಿಯಂ 3.0 ಬಂತು. ಎಲ್ಲರೂ ಬಾಳೆಹಣ್ಣು, ಎಳನೀರು ಕೊಡಿ ಅಂದರು. ತೋಟದಲ್ಲೇ ಇದೆ, ದಿನಾ ಕೊಡುತ್ತಿದ್ದೇವೆ. ಮತ್ತೆ ನೋಡಿಸಿದರೆ 3.1 ಅಷ್ಟೇ. ಊಟ ಚೆನ್ನಾಗಿಯೇ ಮಾಡುತ್ತಾರೆ, ಯಾಕೆ ಏರುತ್ತಿಲ್ಲ?

ಉತ್ತರ (ಫಿಜಿಷಿಯನ್, ಹಾಸನ):
ಊಟ ಚೆನ್ನಾಗಿ ಮಾಡುವವರಿಗೆ ಪೊಟ್ಯಾಸಿಯಂ ಕಮ್ಮಿ ಆಗಿದೆ ಅಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ ಅಂತ. ತೂತು ಇರೋ ಬಿಂದಿಗೆಗೆ ನೀರು ತುಂಬಿದ ಹಾಗೆ, ಮೊದಲು ತೂತು ಹುಡುಕಬೇಕು. ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ಹೋಗುವ ದಾರಿ ಮುಖ್ಯವಾಗಿ ಎರಡು: ವಾಂತಿ ಭೇದಿ, ಇಲ್ಲಾಂದ್ರೆ ಮೂತ್ರ. ಬಿಪಿಗೆ ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ? ಭೇದಿ ಆಗಿತ್ತಾ? ನಾಟಿ ಔಷಧಿ, ಕಷಾಯ ಏನಾದ್ರೂ?

ಪ್ರಶ್ನೆ ಕೇಳಿದವರು:
ಭೇದಿ ಇಲ್ಲ ಮೇಡಂ. ಆಮ್ಲೋಡಿಪಿನ್ ಒಂದು, ಕ್ಲೋರ್‌ಥಾಲಿಡೋನ್ ಒಂದು. ಗ್ಯಾಸಿಗೆ ಪ್ಯಾಂಟೊಪ್ರಜೋಲ್, ಅದು ವರ್ಷಗಟ್ಟಲೆಯಿಂದ ಇದೆ. ಕೆಮ್ಮು ಅಂತ ಜೇಷ್ಠಮಧು ಬಾಯಲ್ಲಿ ಇಟ್ಟುಕೊಂಡೇ ಇರುತ್ತಾರೆ.

ಉತ್ತರ:
ಒಳ್ಳೆಯದಾಯ್ತು ಹೇಳಿದ್ದು. ಕ್ಲೋರ್‌ಥಾಲಿಡೋನ್ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ. ಅದರ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಜೇಷ್ಠಮಧು ಅಪಾಯ ಇಲ್ಲದ್ದು ಅಂತ ಎಲ್ಲರೂ ನಂಬಿದ್ದಾರೆ, ಆದರೆ ದಿನಾ ಅಗಿಯುತ್ತಿದ್ದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಬಿಡುತ್ತದೆ, ಬಿಪಿಯೂ ಏರುತ್ತದೆ. ಬಿಪಿ ಇರುವವರಿಗೆ ಅದು ಬೇಡವೇ ಬೇಡ, ಇವತ್ತೇ ನಿಲ್ಲಿಸಿ. ಗ್ಯಾಸಿನ ಮಾತ್ರೆಯನ್ನು ಬಹಳ ವರ್ಷ ನುಂಗಿದರೆ ಕೆಲವರಿಗೆ ಮೆಗ್ನೀಸಿಯಂ ಇಳಿಯುತ್ತದೆ, ಮತ್ತು ಮೆಗ್ನೀಸಿಯಂ ಕಮ್ಮಿ ಇದ್ದಾಗ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲಲ್ಲ. ಆದ್ದರಿಂದ ಮೆಗ್ನೀಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಒಂದು ಇಸಿಜಿ ಮಾಡಿಸಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಈ ರಿಪೋರ್ಟ್ ತೋರಿಸಿ. ಡೋಸ್ ಇಳಿಸುವುದೋ, ಬೇರೆ ಮಾತ್ರೆಗೆ ಬದಲಾಯಿಸುವುದೋ ಅವರು ನೋಡುತ್ತಾರೆ. ಇದೆಲ್ಲ ಸರಿಮಾಡಿದ ಮೇಲೂ ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಮ್ಮಿ ಎರಡೂ ಹಾಗೇ ಇದ್ದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯ ಪರೀಕ್ಷೆ ಬೇಕಾಗುತ್ತದೆ.

ಇನ್ನು ಬಾಳೆಹಣ್ಣು. ಒಂದು ಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಇರುತ್ತದೆ. 3.0ಕ್ಕೆ ಇಳಿದಾಗ ಮೈಯಲ್ಲಿ ಆಗಿರುವ ಕೊರತೆ ಅದರ ಎಷ್ಟೋ ಪಟ್ಟು, ಯಾಕೆಂದರೆ ಪೊಟ್ಯಾಸಿಯಂ ಬಹುಪಾಲು ಜೀವಕೋಶಗಳ ಒಳಗೆ ಇರುತ್ತದೆ, ರಕ್ತದಲ್ಲಿ ಕಾಣುವುದು ಚೂರು ಮಾತ್ರ. ಅದೂ ಅಲ್ಲದೆ ಮೂತ್ರದ ಮಾತ್ರೆಯಿಂದ ಕ್ಲೋರೈಡ್ ಕೂಡ ಹೋಗಿರುತ್ತದೆ, ಹಣ್ಣಿನಲ್ಲಿ ಅದು ಅಷ್ಟು ಸಿಗಲ್ಲ. ಅದಕ್ಕೇ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ಕೊಡುವುದು. ಡಾಕ್ಟರ್ ಬರೆದರೆ ಊಟದ ಮೇಲೆ, ಒಂದು ಲೋಟ ನೀರಿಗೆ ಬೆರೆಸಿ ನಿಧಾನಕ್ಕೆ ಕುಡಿಸಿ. ನೀರು ಬೆರೆಸದೆ ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ. ಮತ್ತೆ ಪರೀಕ್ಷೆ ಮಾಡಿಸದೆ ಬಾಟಲಿ ಮೇಲೆ ಬಾಟಲಿ ತರಬೇಡಿ.

ಊಟದಲ್ಲಿ ಹುರುಳಿಕಾಳು, ಅವರೆಕಾಳು, ಆಲೂಗೆಡ್ಡೆ, ಸೊಪ್ಪು ಎಲ್ಲದರಲ್ಲೂ ಇದೆ. ಸೊಪ್ಪು ಬೇಯಿಸಿದ ನೀರಿಗೆ ಪೊಟ್ಯಾಸಿಯಂ ಇಳಿಯುತ್ತದೆ, ನಮ್ಮ ಬಸ್ಸಾರಿನಲ್ಲಿ ಆ ನೀರು ಚೆಲ್ಲುವುದಿಲ್ಲವಲ್ಲ, ಅದು ಒಳ್ಳೆಯದೇ. ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿಸಿ, ಉಪ್ಪು ಜಾಸ್ತಿ ಆದಷ್ಟೂ ಆ ಮೂತ್ರದ ಮಾತ್ರೆಯಿಂದ ಪೊಟ್ಯಾಸಿಯಂ ಜಾಸ್ತಿ ಹೋಗುತ್ತದೆ.

ಇನ್ನೊಬ್ಬರು (ಮೂಡಿಗೆರೆ):
ಡಾಕ್ಟ್ರೇ, ನಮ್ಮ ಅಪ್ಪಾಜಿಗೆ ಸ್ವಲ್ಪ ಕಿಡ್ನಿ ತೊಂದರೆ, ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಅವರಿಗೂ ಕಾಲು ಸೆಳೆತ. ಸುಮ್ನೆ ಎರಡು ಎಳನೀರು ಕೊಡಬಹುದಾ?

ಉತ್ತರ:
ಬೇಡ, ದಯವಿಟ್ಟು ಬೇಡ. ಅವರಿಗೆ ಭಯ ಇರುವುದು ಉಲ್ಟಾ ಕಡೆಯಿಂದ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದಾಗ, ಅದರ ಮೇಲೆ ಟೆಲ್ಮಿಸಾರ್ಟನ್ ಥರದ ಮಾತ್ರೆಯೂ ಇದ್ದಾಗ ಪೊಟ್ಯಾಸಿಯಂ ಏರಿ ಎದೆಬಡಿತವೇ ನಿಂತುಹೋಗಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಪ್ಯಾಕೆಟ್ ಬರುತ್ತದಲ್ಲ, ಅದರಲ್ಲೂ ಪೊಟ್ಯಾಸಿಯಂ ಕ್ಲೋರೈಡೇ ಇರೋದು, ಅದನ್ನೂ ಬಳಸಬೇಡಿ. ಅಪ್ಪಾಜಿಯವರ ಬಸ್ಸಾರಿಗೆ ನಾನು ಮೇಲೆ ಹೇಳಿದ್ದು ಅನ್ವಯಿಸಲ್ಲ, ಸೊಪ್ಪು ತರಕಾರಿ ಬೇಯಿಸಿದ ನೀರು ಚೆಲ್ಲಿಬಿಡಿ. ಕಾಲು ಸೆಳೆತಕ್ಕೆ ಬೇರೆ ಕಾರಣಗಳೂ ಇರುತ್ತವೆ, ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಮತ್ತೊಬ್ಬರು (ಹೊಳೆನರಸೀಪುರ):
ಭೇದಿ ಆದಾಗ ಉಪ್ಪು ಸಕ್ಕರೆ ನೀರು ಕೊಟ್ಟರೆ ಸಾಕಲ್ವಾ ಮೇಡಂ?

ಉತ್ತರ:
ಅದರಲ್ಲಿ ಪೊಟ್ಯಾಸಿಯಂ ಇಲ್ಲ. ಓಆರ್‌ಎಸ್ ಪ್ಯಾಕೆಟ್ ತನ್ನಿ, ಲೀಟರಿಗೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು ಮೇಡಂ. ನಾಳೆಯೇ ಕರೆದುಕೊಂಡು ಹೋಗುತ್ತೇವೆ. ಯಾವಾಗ ಗಾಬರಿ ಪಡಬೇಕು?

ಉತ್ತರ:
2.5ಕ್ಕಿಂತ ಕೆಳಗೆ ಬಂದರೆ ಅಡ್ಮಿಟ್ ಆಗಲೇಬೇಕು. ಡ್ರಿಪ್‌ನಲ್ಲಿ ನಿಧಾನವಾಗಿ, ಎದೆಬಡಿತ ನೋಡುತ್ತಾ ಕೊಡುತ್ತಾರೆ, ಬೇಗ ಬೇಗ ಬಿಡಿ ಅಂತ ನರ್ಸಮ್ಮನ ಮೇಲೆ ಒತ್ತಾಯ ಮಾಡಬೇಡಿ. ನಂಬರ್ ಏನೇ ಇರಲಿ, ಎದೆ ಬಡಿತ ತಪ್ಪಿದ ಹಾಗಾದರೆ, ತಲೆ ತಿರುಗಿ ಬಿದ್ದರೆ, ಕೈಕಾಲು ಎತ್ತಲು ಆಗದಿದ್ದರೆ ರಾತ್ರಿಯಾದರೂ ಕಾಯದೆ 108ಕ್ಕೆ ಫೋನ್ ಮಾಡಿ. ನಾಳೆ ಹೋಗುವಾಗ ಮಾತ್ರೆಯ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಜೇಷ್ಠಮಧು ವಿಷಯವನ್ನೂ ಹೇಳಿ.