ಲಾನ್ ಅಲ್ಲಲ್ಲಿ ಒಣಗುತ್ತಿದೆ, ಏನು ಹಾಕಿದರೂ ನಿಲ್ಲುತ್ತಿಲ್ಲ

ಅಂಗಳದಹುಲ್ಲು:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಲಾನ್ ನಡುನಡುವೆ ಹಳದಿಯಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿದೆ. ಮೊದಲು ತಟ್ಟೆಯಗಲ ಇದ್ದದ್ದು ಈಗ ಒಂದಕ್ಕೊಂದು ಕೂಡಿಕೊಂಡು ಮಂಚದಗಲ ಆಗಿದೆ. ನೀರು ಹಾಕಿದೆ, ಗೊಬ್ಬರ ಹಾಕಿದೆ, ಔಷಧಿಯನ್ನೂ ಹೊಡೆದೆ. ಇದರ ಮಧ್ಯೆ ಜೇಕು ಕಳೆ ಬೇರೆ ಎದ್ದು ನಿಂತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ. "ನೀರು ಜಾಸ್ತಿ ಹಾಕಿ" ಅಂತ ಮಾತ್ರ ಹೇಳಬೇಡಿ.

ಗರಿಕೆಗಾರ:
ಯಾವ ಹುಲ್ಲು? ಯಾವ ಔಷಧಿ? ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಫೋಟೊ ಎಲ್ಲಿ?

ಅಂಗಳದಹುಲ್ಲು:
ಮಾಮೂಲಿ ಲಾನ್ ಹುಲ್ಲೇ ಸಾರ್. ಔಷಧಿ ನೀಲಿ ಡಬ್ಬಿಯದ್ದು, ಚೀಟಿ ಅಳಿಸಿ ಹೋಗಿದೆ. ಫೋಟೊ ಸಂಜೆ ಹಾಕುತ್ತೇನೆ.

ಇಬ್ಬನಿ:
ಇದು ಶಿಲೀಂಧ್ರ. ಅನುಮಾನವೇ ಬೇಡ. ದುಂಡಗೆ ಶುರುವಾಗಿ ಹರಡುತ್ತಿದೆ ಅಂದರೆ ಬ್ರೌನ್ ಪ್ಯಾಚ್. ಸಂಜೆ ನೀರು ಹಾಕುತ್ತೀರಾ? ಹಾಗಿದ್ದರೆ ಎಲೆ ರಾತ್ರಿಯೆಲ್ಲಾ ಒದ್ದೆ ಇರುತ್ತದೆ, ರೋಗಕ್ಕೆ ಅಷ್ಟೇ ಸಾಕು. ನೀರನ್ನು ಬೆಳಗಿನ ಜಾವಕ್ಕೆ ಬದಲಾಯಿಸಿ. ಯೂರಿಯಾ ನಿಲ್ಲಿಸಿ. ಶಿಲೀಂಧ್ರನಾಶಕ ಹೊಡೆಯಿರಿ.

ಗರಿಕೆಗಾರ:
ಇಬ್ಬನಿಯವರೇ, ನಿಮಗೆ ಯಾವ ಲಾನ್ ನೋಡಿದರೂ ಶಿಲೀಂಧ್ರವೇ ಕಾಣುತ್ತದೆ. ಹೋದ ಸಲ ಯಾರದೋ ಲಾನ್‌ನಲ್ಲಿ ನಾಯಿ ಉಚ್ಚೆ ಹೊಯ್ದದ್ದಕ್ಕೂ ಹೀಗೇ ಅಂದಿರಿ. ನಡುವೆ ಸುಟ್ಟು, ಸುತ್ತ ಕಡುಹಸಿರು ಉಂಗುರ ಇತ್ತು, ಆದರೂ ನಿಮ್ಮದು ಶಿಲೀಂಧ್ರವೇ.

ಇಬ್ಬನಿ:
ಆ ಫೋಟೊದಲ್ಲಿ ಉಂಗುರ ಸರಿಯಾಗಿ ಕಾಣುತ್ತಿರಲಿಲ್ಲ. ಅದು ಬಿಡಿ. ಬೆಳಿಗ್ಗೆ ಬೇಗ ಎದ್ದು ನೋಡಲಿ, ಒಣಗಿದ ಜಾಗದ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಇದ್ದರೆ ಮಾತು ಮುಗಿಯಿತು.

ರೀಲ್‌ರಾಜ:
ಮೊದಲು ಮೋವರ್ ಬ್ಲೇಡ್ ನೋಡಿ. ಮೊಂಡಾದ ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ತುದಿ ಸೀಳಿ ಬೆಳ್ಳಗಾಗುತ್ತದೆ. ನಾನು ಬ್ಲೇಡ್ ಗಿರಗಿರ ತಿರುಗುವ ರೋಟರಿ ಬಿಟ್ಟು, ಕತ್ತರಿಯ ಹಾಗೆ ಕತ್ತರಿಸುವ ರೀಲ್ ಮೋವರ್‌ಗೆ ಬಂದ ಮೇಲೆ ಇಂಥ ಗೋಳೇ ಇಲ್ಲ. ಹತ್ತು ಬ್ಲೇಡಿನ ರೀಲ್, ಮುಂದೆ ಗೀರುಗಳಿರುವ ರೋಲರ್. ಬರ್ಮುಡಾ ಹುಲ್ಲನ್ನು 12 ಮಿಲಿಮೀಟರ್‌ಗೆ ಇಟ್ಟಿದ್ದೇನೆ. ಪಟ್ಟೆಗಳು ಮಹಡಿಯಿಂದ ನೋಡಿದರೆ ಹೇಗೆ ಕಾಣುತ್ತವೆ ಗೊತ್ತಾ! ಫೋಟೊ ಹಾಕಿದ್ದೇನೆ.

ಗರಿಕೆಗಾರ:
ಸಾರ್, ಬ್ಲೇಡ್ ಮೊಂಡಾದರೆ ಇಡೀ ಲಾನ್ ಮಂಕಾಗುತ್ತದೆ, ಅಲ್ಲೊಂದು ಇಲ್ಲೊಂದು ಜಾಗ ಮಾತ್ರ ಹೇಗೆ ಒಣಗುತ್ತದೆ? ಅವರು ಕೇಳಿದ್ದೇನು, ನೀವು ತೋರಿಸುತ್ತಿರುವುದೇನು?

ಬೇವಿನಮರ:
ರಾಸಾಯನಿಕ ಸುರಿದು ಸುರಿದು ಮಣ್ಣು ಸತ್ತಿದೆ, ಅಷ್ಟೇ. ಬೇವಿನಹಿಂಡಿ ಹಾಕಿ, ಕಾಂಪೋಸ್ಟ್ ಹಾಕಿ, ಆರು ತಿಂಗಳು ಮುಟ್ಟಬೇಡಿ.

ಇಬ್ಬನಿ:
ಆರು ತಿಂಗಳು ಮುಟ್ಟದಿದ್ದರೆ ಉಳಿಯುವುದು ಜೇಕು ಮಾತ್ರ.

ಬೇವಿನಮರ:
ಮಣ್ಣಿನ ಬಗ್ಗೆ ಗೊತ್ತಿಲ್ಲದವರಿಗೆ ಹಾಗೇ ಅನಿಸುತ್ತದೆ.

ಗರಿಕೆಗಾರ:
ಇಬ್ಬರೂ ಬೇರೆ ಕಡೆ ಜಗಳ ಆಡಿ. @ಅಂಗಳದಹುಲ್ಲು, ಯೂರಿಯಾ ಎಷ್ಟು ಹಾಕಿದಿರಿ? 100 ಚದರ ಮೀಟರ್‌ಗೆ 1 ಕೆಜಿ ಮೀರಬಾರದು, ಅದೂ ಹಾಕಿದ ತಕ್ಷಣ ನೀರು ಬಿಡಬೇಕು. ಒಣಗಿದ್ದು ಗೊಬ್ಬರ ಎರಚುವಾಗ ಕೈ ಬೀಸಿದ ಆಕಾರದಲ್ಲಿ ಇದೆಯಾ?

ಅಂಗಳದಹುಲ್ಲು:
ಅದಕ್ಕಿಂತ ಕಮ್ಮಿಯೇ ಹಾಕಿದ್ದು, ನೀರೂ ಬಿಟ್ಟೆ. ನೀರು ಯಾವಾಗಲೂ ಬೆಳಿಗ್ಗೆಯೇ. ಬಿಳಿ ಎಳೆ ಗಿಳೆ ಏನೂ ಕಾಣಲಿಲ್ಲ. ನೀಲಿ ಡಬ್ಬಿಯದ್ದೂ ಶಿಲೀಂಧ್ರಕ್ಕೇ ಅಂತೆ, ಕೊಟ್ಟವರು ಹೇಳಿದರು, ಹೊಡೆದ ಮೇಲೂ ಹರಡಿತು. ಈಗ ಕಾಗೆ, ಮೈನಾ ಬೇರೆ ಬೆಳಗಾದರೆ ಬಂದು ಅದೇ ಜಾಗವನ್ನು ಕೆದಕಿ ಹಾಳು ಮಾಡುತ್ತವೆ. ಅದಕ್ಕೊಂದು ಬಲೆ ಹಾಕಬೇಕು.

ಮಣ್ಣಗುದ್ದಲಿ:
ಅಯ್ಯೋ, ಬಲೆ ಆಮೇಲೆ ಹಾಕಿ ಮಾರಾಯ್ರೇ. ಹಕ್ಕಿಗಳು ಸುಮ್ನೆ ಕೆದಕುವುದಿಲ್ಲ, ಕೆಳಗೆ ಊಟ ಇದೆ. ಒಣಗಿದ ಅಂಚಿನಲ್ಲಿ ಹುಲ್ಲನ್ನು ಹಿಡಿಯಷ್ಟು ಹಿಡಿದು ಮೇಲಕ್ಕೆ ಎಳೆಯಿರಿ. ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಬೇರು ಹೋಗಿದೆ ಅಂತ ಅರ್ಥ. ಆಮೇಲೆ ಒಂದು ಚದರ ಅಡಿ ಗುರುತು ಮಾಡಿ ಮೂರು ಇಂಚು ಅಗೆದು ನೋಡಿ. ನನ್ನ ಊಹೆ ಗೊಣ್ಣೆ ಹುಳು.

ಇಬ್ಬನಿ:
ಅಗೆಯುವುದೇಕೆ? ಸೋಪು ನೀರು ಸುರಿದರೆ ಮೇಲೆ ಬರುತ್ತವೆ.

ಮಣ್ಣಗುದ್ದಲಿ:
ಸೋಪು ನೀರಿಗೆ ಮೇಲೆ ಬರುವುದು ಎಲೆ ತಿನ್ನುವ ಕಂಬಳಿಹುಳು. ಗೊಣ್ಣೆ ಹುಳು ಬರುವುದಿಲ್ಲ. ಗುದ್ದಲಿಯೇ ಬೇಕು.

ಅಂಗಳದಹುಲ್ಲು:
ಅಗೆದೆ. ಹುಲ್ಲು ನಿಜವಾಗಲೂ ಹಾಗೇ ಎದ್ದು ಬಂತು, ಒಂದು ಬೇರೂ ಹಿಡಿದಿಲ್ಲ. ಕೆಳಗೆ ದಪ್ಪದಪ್ಪ ಬಿಳಿ ಹುಳು, ಕಂದು ತಲೆ, ಬಾಗಿ ಮಲಗಿವೆ. ಹಿಂಬದಿಯಲ್ಲಿ ಚರ್ಮದೊಳಗಿನ ಮಣ್ಣು ಬೂದು ಬಣ್ಣಕ್ಕೆ ಕಾಣುತ್ತದೆ. ಒಂದು ಚದರ ಅಡಿಯಲ್ಲಿ 14! ಹೊಟ್ಟೆ ತೊಳಸಿತು.

ಮಣ್ಣಗುದ್ದಲಿ:
ಒಂದೆರಡಿದ್ದರೆ ಗಟ್ಟಿ ಲಾನ್ ತಡೆದುಕೊಳ್ಳುತ್ತದೆ. 10 ದಾಟಿದರೆ ಸುಮ್ಮನಿರಬಾರದು. ಇವು ದುಂಬಿಯ ಮರಿಗಳು, ಬೇರು ತಿಂದು ಬೆಳೆಯುತ್ತವೆ. ನೀವು ಎಷ್ಟು ನೀರು ಬಿಟ್ಟರೂ ಕುಡಿಯಲು ಬೇರೇ ಇಲ್ಲವಲ್ಲ! ನಾನಾದರೆ ಹೆಟೆರೊರ‍್ಹಾಬ್ಡೈಟಿಸ್ ಅನ್ನುವ ಸಣ್ಣ ಜಂತುಹುಳು ಬಿಡುತ್ತೇನೆ. ಹುಳದೊಳಗೆ ಹೊಕ್ಕು ಕೊಲ್ಲುತ್ತವೆ. ಬಿಸಿಲು ತಾಗಿದರೆ ಅವೇ ಸಾಯುತ್ತವೆ, ಹಾಗಾಗಿ ಸಂಜೆ ಬಿಡಿ. ಮೊದಲೂ ಆಮೇಲೂ ಮಣ್ಣು ಒದ್ದೆ ಇರಲಿ. ಹುಳು ಚಿಕ್ಕದಿದ್ದಷ್ಟೂ ಬೇಗ ಸಾಯುತ್ತದೆ, ನಿಮ್ಮವು ಬಲಿತಂತಿವೆ. ಪೂರ್ತಿ ಹೋಗಲಿಕ್ಕಿಲ್ಲ. ಮುಂದಿನ ಸಲ ದುಂಬಿ ಮೊಟ್ಟೆ ಇಟ್ಟ ಮೇಲೆ, ಮರಿ ಚಿಕ್ಕದಿದ್ದಾಗಲೇ ಇನ್ನೊಮ್ಮೆ ಬಿಡಬೇಕು.

ಬೇವಿನಮರ:
ಕೊನೆಗೂ ಯಾರೋ ಜೈವಿಕ ಅಂದರು. ಈ ಹುಳುಗಳಿಗೆ ಮೆಟಾರೈಜಿಯಂ ಕೂಡ ಹಾಕಬಹುದು. ನಿಧಾನ, ಆದರೆ ಕೆಲಸ ಮಾಡುತ್ತದೆ.

ಇಬ್ಬನಿ:
ಮೆಟಾರೈಜಿಯಂ ಕೂಡ ಶಿಲೀಂಧ್ರವೇ. ನೆನಪಿರಲಿ.

ಗರಿಕೆಗಾರ:
ಹೌದು ಸಾರ್, ನೀವು ಗೆದ್ದಿರಿ. ಆದರೆ ನೀಲಿ ಡಬ್ಬಿಯಲ್ಲಿ ಉಳಿದದ್ದನ್ನು ಈಗ ಮತ್ತೆ ಹೊಡೆಯಬೇಡಿ, ಮೆಟಾರೈಜಿಯಂ ಅದಕ್ಕೇ ಸಾಯುತ್ತದೆ.

ಅಂಗಳದಹುಲ್ಲು:
ಸರಿ. ಮತ್ತೆ ಜೇಕು? ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ದಿನಾ ಕಿತ್ತರೂ ಬರುತ್ತದೆ.

ಮಣ್ಣಗುದ್ದಲಿ:
ಹುಲ್ಲು ಸತ್ತು ಜಾಗ ಖಾಲಿಯಾಗಿದ್ದಕ್ಕೆ ಅದಕ್ಕೆ ಹಬ್ಬ. ಮೇಲಿನದು ಕಿತ್ತರೆ ಕೆಳಗೆ ಗಡ್ಡೆ ಉಳಿಯುತ್ತದೆ, ಒಂದಕ್ಕೊಂದು ದಾರದಲ್ಲಿ ಪೋಣಿಸಿದ ಹಾಗೆ ಇರುತ್ತವೆ. ಹಾಲೊಸಲ್ಫ್ಯೂರಾನ್ ಅನ್ನುವ ಕಳೆನಾಶಕ ಇದೆ, ಅದು ಜೇಕನ್ನೇ ಹಿಡಿಯುತ್ತದೆ. ಆದರೆ ಹುಲ್ಲಿನ ಹೆಸರು ಹೇಳದೆ ಹೊಡೆಯಿರಿ ಅಂತ ನಾನು ಹೇಳುವುದಿಲ್ಲ.

ಅಂಗಳದಹುಲ್ಲು:
ಮಾಮೂಲಿ ಹುಲ್ಲು ಅಂದೆನಲ್ಲ ಸಾರ್.

ರೀಲ್‌ರಾಜ:
ಎಲೆ ಅಗಲ ಇದೆಯಾ, ಸಣ್ಣ ಇದೆಯಾ? ಸಣ್ಣ ಇದ್ದರೆ ಬರ್ಮುಡಾ ಇರಬಹುದು. ಹಾಗಿದ್ದರೆ ಒಂದು ರೀಲ್ ಮೋವರ್ ನೋಡಿ. ನನ್ನ ಹಳೆಯದು ಮಾರುವುದಿದೆ.